ಕೀಲಿ ತೆಗೆದ ಮೇಲೂ

ನಿಡಗುಂದಿ
9 ಜೂನ್ 2024

ಸುಜಯೀಂದ್ರ ಕುಲಕರ್ಣಿ ಸಾಹೇಬ್ರಿಗೆ ನಮಸ್ಕಾರ.

ನಾನು ಸಾವಿತ್ರವ್ವ. ನಿಡಗುಂದಿಯೊಳಗ ಸರ್ಕಾರಿ ನರ್ಸ್ ಅದೇನಿ. ಹೋದ ವರ್ಷ ಮಾರ್ಚ್ ತಿಂಗಳದಾಗ ವಿಜಯಪುರದ ನಿಮ್ಮ ಫೈನಾನ್ಸ್ ಆಫೀಸಿಗೆ ನನ್ನ ತಮ್ಮ ಗುರುನಾಥನ ಜೋಡಿ ಬಂದು, ಅವನ ಸಾಲಕ್ಕ ಜಾಮೀನು ಸಹಿ ಮಾಡಿ ಹೋಗಿದ್ದೆ. ಯಂಕಂಚಿಯ ಗುರುನಾಥ ಅಂದ್ರ ನಿಮಗ ನೆನಪಾಗಬಹುದು. ರಾಜಸ್ಥಾನದ ಎಣ್ಣಿ ಬಾವಿಗಳೊಳಗ ಹತ್ತು ವರ್ಷ ಮಂದಿ ಕೈಯಾಗ ಮೆಕ್ಯಾನಿಕ್ ಆಗಿ ದುಡದು, ಇನ್ನ ತನ್ನದ ಒಂದು ಸಣ್ಣ ಕಂಪನಿ ಮಾಡ್ತೇನಿ ಅಂದಂವ. ದೊಡ್ಡ ಡೀಸೆಲ್ ಎಂಜಿನ್ನು, ಪಂಪು ಎರಡೂ ಒಂದ ಟ್ರೇಲರ್ ಮ್ಯಾಲ ಕೂಡ್ರಿಸಿದ್ದು; ಅದನ್ನ ಬಾವಿ ಕಡೆ ಒಯ್ದು ಸರ್ವಿಸ್ ಕೊಡೂ ಕೆಲಸ. ಆ ಎಂಜಿನ್ ನೋಡಿ, ಬೆಲಿ ಕಟ್ಟಿ, ಸಾಲ ಮಂಜೂರು ಮಾಡಿಸಿದವರು ನೀವ.

ನವೆಂಬರ್‌ದಾಗ ಏನಾತು ಅನ್ನೂದು ನಿಮ್ಮ ಆಫೀಸಿಗೆ ಗೊತ್ತೈತಿ. ಬಾಡಮೇರ ಕಡೆ ಒಂದು ಹಳೇ ಬಾವಿ ಮ್ಯಾಲ ಕೆಲಸ ನಡದಾಗ ಎಂಜಿನ್ ಒಡದು ಚೂರಾತು. ಅವನ ಜೋಡಿ ಕೆಲಸಕ್ಕಿದ್ದ ಇಂಡಿ ಕಡೆಯ ಮಾಳಿಂಗ ಅಲ್ಲೇ ಸತ್ತ. ಗುರುನಾಥನ ಎಡಗೈ ಸುಟ್ಟು, ಒಂದು ಕಿವಿ ಹೋಗಿ, ಜೀವ ಉಳೀತು. ಎಂಜಿನ್ ಬಂದ್ ಮಾಡದ ಮಾಲಕ ಓಡಿಹೋದ ಅಂತ ಅಲ್ಲಿನ ಪೊಲೀಸರು ಬರಕೊಂಡಾರ. ಬೇಲ್ ಮ್ಯಾಲ ಬಿಡಿಸಿಕೊಂಡು ಬಂದು ನನ್ನ ಕ್ವಾರ್ಟರ್ಸಿನ್ಯಾಗ ಇಟಗೊಂಡೇನಿ.

ಅಂವ ಒಂದ ಮಾತು ಹೇಳ್ತಾನ. "ಅಕ್ಕಾ, ನಾ ಕೀಲಿ ತಗದೆ. ಕೀಲಿ ತಗದ ಮ್ಯಾಲೂ ಅದು ಓಡ್ತು." ಅವನನ್ನ ದವಾಖಾನಿಗೆ ತಂದಾಗ ಬಲಗೈ ಮುಷ್ಟಿಯಾಗ ಕೀಲಿ ಇತ್ತಂತ, ಅಲ್ಲಿನ ನರ್ಸ್ ಬೆರಳು ಬಿಡಿಸಿ ತಗದಾಳಂತ. ಆದ್ರೂ ವಕೀಲರು, ಡಾಕ್ಟರು, ನಮ್ಮ ಮಂದಿ, ಯಾರೂ ನಂಬವಲ್ರು. ಹೆದರಿ ತಲಿ ಕೆಟ್ಟೈತಿ ಅಂತಾರ. ಯಂಕಂಚಿಯಾಗ ಕೆಲವರು ಎಂಜಿನ್ನಿನ್ಯಾಗ ದೆವ್ವ ಇತ್ತು ಅಂತಾರ.

ನಾನು ಕೇಳೂದು ಒಂದ ಪ್ರಶ್ನಿ. ಕೀಲಿ ತಗದ ಮ್ಯಾಲೂ ಎಂಜಿನ್ ಓಡತೈತೇನ್ರಿ?

ನಿಮ್ಮ ವಿಳಾಸ ವಿಜಯಪುರ ಆಫೀಸಿನ ಸಿಪಾಯಿ ಇಬ್ರಾಹಿಂಸಾಬ ಕೊಟ್ಟಾನ. ನಿಮ್ಮ ಆಫೀಸಿನ ಫೋನಿನ್ಯಾಗ ಮಾತಾಡಿದ್ದೆಲ್ಲಾ ರೆಕಾರ್ಡ್ ಆಗತೈತಂತ, ಅದಕ್ಕ ಕಾಗದ ಬರದೇನಿ. ನನ್ನ ಫೋನಿಗೂ ಮಾಡಬ್ಯಾಡ್ರಿ. ಮನ್ಯಾಗ ಫೋನ್ ಬಾರಿಸಿದ್ರ ಅಂವ ಎದ್ದು ನಿಂತ್ಬಿಡ್ತಾನ.

ಸಾವಿತ್ರವ್ವ


ನಾಗಪುರ
24 ಜೂನ್ 2024

ಶ್ರೀಮತಿ ಸಾವಿತ್ರವ್ವ ಅವರಿಗೆ,

ತಮ್ಮ ಪತ್ರ ತಲುಪಿದೆ. ನಡೆದ ಘಟನೆಗೆ ನನಗೆ ವಿಷಾದವಿದೆ. ಕಳೆದ ಡಿಸೆಂಬರ್ ಕೊನೆಯಲ್ಲಿ ನನಗೆ ನಾಗಪುರಕ್ಕೆ ವರ್ಗವಾಗಿದ್ದು, ತಮ್ಮ ಸಹೋದರರ ಕಡತದ ಯಾವುದೇ ಕಾಗದ ಈಗ ನನ್ನ ಬಳಿ ಇಲ್ಲ.

ಯಂತ್ರಕ್ಕೆ ಬೆಲೆ ಕಟ್ಟುವುದು ಮಾತ್ರ ನಮ್ಮ ಕೆಲಸ. ಅದು ಹೇಗೆ ಓಡುತ್ತದೆ, ಹೇಗೆ ನಿಲ್ಲುತ್ತದೆ ಎಂಬುದನ್ನು ಸರ್ವಿಸ್ ಸೆಂಟರ್‌ನವರು ಹೇಳಬೇಕು. ಕೀಲಿ ತೆಗೆದರೆ ಡೀಸೆಲ್ ನಿಲ್ಲುತ್ತದೆ, ಡೀಸೆಲ್ ನಿಂತರೆ ಎಂಜಿನ್ ನಿಲ್ಲುತ್ತದೆ ಎಂಬಷ್ಟು ಎಲ್ಲರಿಗೂ ಗೊತ್ತಿರುವುದೇ ನನಗೂ ಗೊತ್ತು. ಇಂಥ ಆಘಾತದ ನಂತರ ನೆನಪು ಹಿಂದುಮುಂದಾಗುವುದು ಸಹಜ. ಒಳ್ಳೆಯ ಮಾನಸಿಕ ವೈದ್ಯರಿಗೆ ತೋರಿಸಿ.

ಈ ವಿಷಯದಲ್ಲಿ ಮುಂದೆ ಏನಾದರೂ ಬೇಕಾದಲ್ಲಿ ದಯವಿಟ್ಟು ವಿಜಯಪುರ ಶಾಖೆಯನ್ನು ಸಂಪರ್ಕಿಸಿ.

ಸು. ಕುಲಕರ್ಣಿ


ನಿಡಗುಂದಿ
11 ಜುಲೈ 2024

ಸಾಹೇಬ್ರ,

ನಿಮ್ಮ ಕಾಗದ ಅವನಿಗೆ ಓದಿ ಹೇಳಿದೆ. "ಅವರ ಬರದಾರೇನು?" ಅಂತ ಎರಡ ಸಲ ಕೇಳಿದ. ಆಮ್ಯಾಲ ಅಂದ, "ಎಂಜಿನ್ ನೋಡಾಕ ಹುಬ್ಬಳ್ಳಿ ಯಾರ್ಡಿಗೆ ಹೋದಾಗ ಕುಲಕರ್ಣಿ ಸಾಹೇಬ್ರು ಅಂಗಿ ತೋಳು ಮಡಚಿ ಒಂದೊಂದ ಭಾಗ ಬಡದು ನೋಡಿದ್ರು. ಅದರ ಮಾತು ನನಗಿಂತ ಹೆಚ್ಚು ಅವರಿಗೆ ತಿಳೀತೈತಿ ಅಕ್ಕಾ." ಅಂದು ಗ್ವಾಡಿ ಕಡೆ ಹೊಳ್ಳಿ ಮಲಗಿದ. ಎರಡು ದಿನ ಊಟ ಮಾಡ್ಲಿಲ್ಲ.

ಅವನ ಸ್ಥಿತಿ ನಿಮಗ ಗೊತ್ತಾಗ್ಲಿ ಅಂತ ಹೇಳ್ತೇನಿ. ಇಲ್ಲೆ ಹೈವೇದ ಬಸ್ ಸ್ಟ್ಯಾಂಡಿಗೆ ದಿನಾ ಹೋಗ್ತಾನ. ಬಸ್ ಬಂದು ನಿಂತು, ಡ್ರೈವರ್ ಕೀಲಿ ತಗೊಂಡು ಚಾ ಕುಡಿಯಾಕ ಇಳಿತಾನಲ್ರಿ, ಆವಾಗ ಇಂವ ಹೋಗಿ ಬಸ್ಸಿನ ಮಾರಿ ಮ್ಯಾಲ ಅಂಗೈ ಇಟ್ಟು ನಿಲ್ತಾನ. ಒಳಗ ಅಲುಗಾಟ ನಿಂತೈತೋ ಇಲ್ಲೋ ನೋಡ್ತಾನ. ಒಬ್ಬ ಡ್ರೈವರ್ ಬೈದು ಕಳಿಸಿದ. ಇನ್ನೊಬ್ಬ ಮುದುಕ, "ನಿಂತೈತೋ ತಮ್ಮಾ, ಹೋಗು" ಅಂದನಂತ. ಅವತ್ತೊಂದಿನ ಮನಿಗೆ ಬಂದು ಎರಡು ರೊಟ್ಟಿ ಉಂಡ.

ಹೋದ ವಾರ ಮಾಳಿಂಗನ ಹೆಂಡ್ತಿ ಸೌಂದರ್ಯಾ ಬಂದಿದ್ಳು, ಎರಡು ಹೆಣ್ಣುಮಕ್ಕಳನ್ನ ಕರಕೊಂಡು. ಜಗಳಾಡಾಕ ಬಂದಾಳ ಅನ್ಕೊಂಡೆ. ಜಗಳಾಡಲಿಲ್ಲ. ಗುರುನಾಥನ ಎದುರಿಗೆ ಕುಂತು, "ಇಬ್ಬರೂ ಕೂಡಿ ಹೋಗಿದ್ರಿ. ನೀವೊಬ್ಬರ ಬಂದ್ರಿ. ಅಲ್ಲೇನಾತು ಅಂತ ಅಷ್ಟ ಹೇಳ್ರಿ" ಅಂದ್ಳು. ಅವಳ ಅತ್ತಿ ಮನಿಯವರು, ಮಾಳಿಂಗ ತಾನಾಗೇ ಹುಂಬತನದಿಂದ ಮಷಿನ್ನಿಗೆ ಕೈ ಹಾಕಿ ಸತ್ತ ಅಂತಾರಂತ. ಇಂವ ಬಾಯಿ ತಗೀಲಿಲ್ಲ. ತಾಸೊಪ್ಪತ್ತು ಕುಂತು ಎದ್ದು ಹೋದ್ಳು.

ನನ್ನ ತಮ್ಮ ಸುಳ್ಳು ಹೇಳ್ತಿರಬೇಕು, ಇಲ್ಲಾ ನೀವು. ಸಿಟ್ಟಿಲೆ ಬರದದ್ದಲ್ಲ ಇದು. ತಿಳಿಲಾರದ ಬರದೇನಿ.

ಸಾವಿತ್ರವ್ವ


ನಾಗಪುರ
22 ಆಗಸ್ಟ್ 2024

ಸಾವಿತ್ರವ್ವನವರಿಗೆ,

ಓಡುತ್ತದೆ.

ಇಷ್ಟು ಬರೆಯಲು ಆರು ವಾರ ಬೇಕಾಯಿತು. ಕ್ಷಮಿಸಿ.

ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ. ಒಳಗೆ ಎಳೆದುಕೊಂಡ ಗಾಳಿಯನ್ನು ಅದು ಒತ್ತಿ ಬಿಸಿ ಮಾಡುತ್ತದೆ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಕೀಲಿ ತೆಗೆದರೆ ಡೀಸೆಲ್ ಮಾತ್ರ ನಿಲ್ಲುತ್ತದೆ, ಗಾಳಿ ನಿಲ್ಲುವುದಿಲ್ಲ. ಎಣ್ಣೆ ಬಾವಿಯ ಹತ್ತಿರ ಒಮ್ಮೊಮ್ಮೆ ಗ್ಯಾಸ್ ಸೋರುತ್ತದೆ. ಆ ಗ್ಯಾಸ್ ಗಾಳಿಯ ಜೊತೆ ಎಂಜಿನ್ ಒಳಗೆ ಹೋದರೆ ಅದಕ್ಕೆ ಡೀಸೆಲ್ಲೇ ಬೇಡ. ಗ್ಯಾಸನ್ನೇ ಉಂಡು ಓಡುತ್ತದೆ. ತಡೆಯುವವರಿಲ್ಲದ ಓಟ ಅದು. ವೇಗ ಏರುತ್ತ ಏರುತ್ತ ಕಡೆಗೆ ತನ್ನ ಮೈಯನ್ನೇ ಒಡೆದುಕೊಳ್ಳುತ್ತದೆ. ನಿಲ್ಲಿಸುವ ದಾರಿ ಒಂದೇ, ಗಾಳಿ ಎಳೆಯುವ ಬಾಯಿಯನ್ನು ಮುಚ್ಚುವುದು.

ನಿಮ್ಮ ತಮ್ಮನಿಗೆ ತಲೆ ಕೆಟ್ಟಿಲ್ಲ. ಕೀಲಿ ತೆಗೆದೆ ಎನ್ನುವುದು ನಿಜವಿರಬೇಕು. ಈ ಪತ್ರವನ್ನು ಡಾಕ್ಟರಿಗೂ ತೋರಿಸಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋದಾಗ ಕೆಳಗೆ ಜನರೇಟರ್ ಹಚ್ಚುತ್ತಾರೆ. ಅದರ ಸದ್ದು ಸ್ವಲ್ಪ ಏರಿದರೂ ನಾನು ನಾಲ್ಕು ಮಹಡಿ ಓಡಿ ಇಳಿದು ಹೋಗಿ ಅದರ ಎದುರು ನಿಲ್ಲುತ್ತೇನೆ. ಮಕ್ಕಳು ನಗುತ್ತಾರೆ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಸುಜಯೀಂದ್ರ


ನಿಡಗುಂದಿ
6 ಸೆಪ್ಟೆಂಬರ್ 2024

ಸುಜಯೀಂದ್ರ ಸಾಹೇಬ್ರ,

ನಿಮ್ಮ ಕಾಗದ ಅಂವ ತಾನ ಇಸಗೊಂಡು ಓದಿದ. ಮೊದಲನೇ ಶಬ್ದ ಓದಿ ಅಲ್ಲೇ ನಿಂತ. ಅದರ ಮ್ಯಾಲ ಬೆರಳಿಟ್ಟು ಕುಂತಬಿಟ್ಟ. ಹತ್ತು ತಿಂಗಳದಾಗ ಅವನ ಕಣ್ಣಾಗ ನೀರು ನೋಡಿದ್ದು ಅವತ್ತ ಮೊದಲು. ಮರುದಿನ ಕ್ಷೌರ ಮಾಡಿಸಿಕೊಂಡು ಬಂದ. ಅದೊಂದು ಉಪಕಾರ ನಿಮ್ಮಿಂದ ಆಗೈತಿ, ಮರಿಯಂಗಿಲ್ಲ.

ಆದ್ರ ಓದಿ ಮುಗಿಸಿ ನನ್ನ ಕೇಳಿದ, "ವಾಲ್ವಿನ ಮಾತು ಬರದಾರೇನು ಅಕ್ಕಾ?"

"ಯಾವ ವಾಲ್ವೋ?" ಅಂದೆ.

"ಗಾಳಿ ಬಂದ್ ಮಾಡೋ ವಾಲ್ವ್. ವೇಗ ಮಿತಿ ಮೀರಿದ್ರ ತಾನಾಗೇ ಬಾಯಿ ಮುಚ್ಚತೈತಿ."

ಹಾಳಿ ತಿರುವಿ ಹಾಕಿ ನೋಡಿದೆ. ನೀವು ಬರದಿಲ್ಲ. ಅಂಥಾದ್ದೊಂದು ವಾಲ್ವ್ ಇರತೈತೇನ್ರಿ? ಇದ್ರ, ನಮ್ಮ ಎಂಜಿನ್ನಿಗೆ ಇತ್ತೇನು?

ಸಾವಿತ್ರವ್ವ


ನಿಡಗುಂದಿ
14 ಅಕ್ಟೋಬರ್ 2024

ಸಾಹೇಬ್ರ,

ತಿಂಗಳ ಮ್ಯಾಲಾತು. ಉತ್ತರ ಇಲ್ಲ. ಕಾಗದ ಮುಟ್ಟೈತಿ ಅನ್ನೂದಕ್ಕ ಪೋಸ್ಟಿನವರು ಕೊಟ್ಟ, ನಿಮ್ಮ ಸಹಿ ಇದ್ದ ಚೀಟಿ ನನ್ನ ಹಂತ್ಯಾಕ ಐತಿ.

ಗುರುನಾಥ ಈಗ ಆ ಮಾತು ಕೇಳೂದು ಬಿಟ್ಟಾನ. ಕೇಳೋವಾಗನ ಚಲೋ ಇತ್ತು ಅನಿಸ್ತೈತಿ.

ಸಾವಿತ್ರವ್ವ


ನಾಗಪುರ
4 ನವೆಂಬರ್ 2024

ಸಾವಿತ್ರಕ್ಕನವರಿಗೆ,

ಇದರ ಜೊತೆ ಒಂದು ಝೆರಾಕ್ಸ್ ಇಟ್ಟಿದ್ದೇನೆ. ಅದು ಎಂಜಿನ್ ಮಾರಿದವರು ಕೊಟ್ಟ ಕೊಟೇಶನ್. ಮೂಲ ಪ್ರತಿ ನನ್ನ ಕಪಾಟಿನಲ್ಲಿದೆ. ಯಾವ ಕಾಗದವೂ ನನ್ನ ಬಳಿ ಇಲ್ಲ ಎಂದು ನಾನು ಮೊದಲ ಪತ್ರದಲ್ಲಿ ಬರೆದದ್ದು ಸುಳ್ಳು.

ಹದಿನೇಳನೇ ಸಾಲು ನೋಡಿ. "ಗಾಳಿ ಬಂದ್ ಮಾಡುವ ಆಟೋಮ್ಯಾಟಿಕ್ ವಾಲ್ವ್." ಅದರ ಮೇಲೆ ನೀಲಿ ಶಾಯಿಯ ಗೆರೆ ಇದೆ. ಪಕ್ಕದಲ್ಲಿರುವ ಸಣ್ಣ ಸಹಿ ನನ್ನದು.

ಎಂಬತ್ತು ಲಕ್ಷದ ಒಳಗಿದ್ದರೆ ಸಾಲವನ್ನು ಶಾಖೆಯಲ್ಲೇ ಮಂಜೂರು ಮಾಡಬಹುದಿತ್ತು. ದಾಟಿದರೆ ಮುಖ್ಯ ಕಚೇರಿಗೆ ಕಳಿಸಬೇಕು, ಅಲ್ಲಿ ತಿಂಗಳು ಹಿಡಿಯುತ್ತದೆ. ಅವತ್ತು ಮಾರ್ಚ್ ಇಪ್ಪತ್ತೊಂಬತ್ತು. ವರ್ಷದ ಗುರಿ ಮುಟ್ಟಲು ನನಗೆ ಇದೊಂದು ಫೈಲ್ ಬೇಕಿತ್ತು. ಕೊಟೇಶನ್ ಮಿತಿಯನ್ನು ಸ್ವಲ್ಪವೇ ದಾಟಿತ್ತು. ವಾಲ್ವ್ ತೆಗೆದರೆ ಒಳಗೆ ಬರುತ್ತಿತ್ತು. "ಇದನ್ನ ಆಮ್ಯಾಲ ಹಾಕಿಸಿಕೊಳ್ರಿ" ಎಂದೆ. ಗುರುನಾಥ ಒಂದು ಕ್ಷಣ ನನ್ನ ಮುಖ ನೋಡಿ, "ಮೊದಲನೇ ಬಿಲ್ ಕೈಗೆ ಬರ್ತಿದ್ದಂಗ ಹಾಕಸ್ತೇನ್ರಿ" ಎಂದರು. ದೊಡ್ಡ ಬಾವಿಗಳಲ್ಲಿ ಆ ವಾಲ್ವ್ ಇಲ್ಲದ ಎಂಜಿನ್ನನ್ನು ಗೇಟಿನೊಳಗೇ ಬಿಡುವುದಿಲ್ಲ. ಅವರಿಗೆ ಸಿಕ್ಕಿದ್ದು ಹಳೆಯ ಬಾವಿಗಳ ಉಪಗುತ್ತಿಗೆ. ಅಲ್ಲಿ ಕೇಳುವವರಿರಲಿಲ್ಲ.

ಇನ್ನೊಂದು ಮಾತಿದೆ. ಒಡೆದ ಎಂಜಿನ್‌ನ ಗುಜರಿ ಬೆಲೆ ಕಟ್ಟಲು ಡಿಸೆಂಬರ್‌ನಲ್ಲಿ ಕಂಪನಿ ನನ್ನನ್ನೇ ಅಲ್ಲಿಗೆ ಕಳಿಸಿತು. ಮರಳಿನ ಮೇಲೆ ಅದು ಓರೆಯಾಗಿ ಬಿದ್ದಿತ್ತು. ಗಾಳಿ ಎಳೆಯುವ ಬಾಯಿಯಲ್ಲಿ ಒಂದು ಹಲಗೆಯ ತುಂಡು, ಹಲಗೆಗೆ ಸುತ್ತಿದ ಟವೆಲ್. ಟವೆಲ್‌ನ ಅರ್ಧ ಒಳಗೆ ಎಳೆದುಹೋಗಿತ್ತು. ಯಾರೋ ಆ ಬಾಯಿ ಮುಚ್ಚಲು ಹೋಗಿದ್ದರು. ವಾಲ್ವ್ ಮಾಡಬೇಕಾದ ಕೆಲಸವನ್ನು ಒಬ್ಬ ಮನುಷ್ಯ ಕೈಯಿಂದ ಮಾಡಲು ಹೋಗಿದ್ದ. ನಾನು ಜಗ್ಗಿ ನೋಡಿದೆ. ಬರಲಿಲ್ಲ. ವರದಿಯಲ್ಲಿ ಎಷ್ಟು ಟನ್ ಕಬ್ಬಿಣ ಎಂದಷ್ಟೇ ಬರೆದು ಬಂದೆ. ಬಂದ ವಾರವೇ ವರ್ಗ ಕೇಳಿಕೊಂಡೆ.

ಈಗಲೂ ದಿನಕ್ಕೆ ನಾಲ್ಕೈದು ಕೊಟೇಶನ್ ನೋಡುತ್ತೇನೆ. ಯಾವುದರಲ್ಲಾದರೂ ಗೆರೆ ಹೊಡೆದ ಸಾಲು ಕಂಡರೆ ಆ ಟವೆಲ್ ಕಣ್ಣ ಮುಂದೆ ಬರುತ್ತದೆ. ನಿಮ್ಮ ತಮ್ಮನನ್ನು ಮಾನಸಿಕ ವೈದ್ಯರಿಗೆ ತೋರಿಸಿ ಎಂದು ಬರೆದವನು ನಾನೇ.

ಸುಜಯೀಂದ್ರ


ನಿಡಗುಂದಿ
20 ನವೆಂಬರ್ 2024

ಸುಜಯೀಂದ್ರ,

ಸಾಹೇಬ್ರು ಅನ್ನೂದು ಬಿಟ್ಟೇನಿ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ಕಾಗದ ಬಂದ ದಿನ ಕೆಲಸಕ್ಕ ರಜಾ ಹಾಕಿದೆ.

ನೀವು ಒಬ್ಬರನ್ನ ಬಿಟ್ಟು ಬರದೀರಿ. ಅವತ್ತು ಆ ಟೇಬಲ್ ಹಂತ್ಯಾಕ ನಾನೂ ಇದ್ದೆ. ಮೂರನೇ ಖುರ್ಚಿ ನಂದು. ಲೆಕ್ಕ ಮಿತಿ ದಾಟೈತಿ ಅಂತ ನೀವು ಅಂದಾಗ ನಾನ ಕೇಳಿದೆ, "ಅದರಾಗ ಬ್ಯಾಡಾದ್ದು ಏನರ ಇದ್ರ ತಗೀರಿ" ಅಂತ. ನನ್ನ ಪಗಾರದ ಮ್ಯಾಲ, ಅಪ್ಪನ ಹೊಲದ ಮ್ಯಾಲ ಸಹಿ ಬೀಳೂದಿತ್ತು, ಎಷ್ಟು ಕಡಿಮಿ ಆದ್ರ ಅಷ್ಟು ಚಲೋ ಅನಿಸಿತ್ತು. ಆಮ್ಯಾಲ ನೀವು ಗೆರಿ ಹೊಡದ್ರಿ. ಗುರುನಾಥ ನಿಮ್ಮ ಮುಖ ನೋಡಿದ ಅಂತ ಬರದೀರಿ. ಅಂವ ನಿಮ್ಮ ಮುಖ ನೋಡಲಿಲ್ಲ. ನನ್ನ ಮುಖ ನೋಡಿದ. ನಾನು "ಹೂಂ ಅನ್ನು" ಅಂತ ಕಣ್ಣು ಮಾಡಿದೆ.

ಗುರುನಾಥ ವಾಲ್ವಿನ ಮಾತು ತಗದ ಕೂಡ್ಲೆ ಆ ಗೆರಿ ನೆನಪಾಗಿತ್ತು; ಇತ್ತೇನು ಅಂತ ನಾ ನಿಮ್ಮನ್ನ ಕೇಳಿದ್ದು ಗೊತ್ತಿದ್ದೂ ಕೇಳಿದ್ದು. ನನ್ನ ಮಾತು ನಿಮಗ ನೆನಪೈತೋ ಇಲ್ಲೋ ಅಂತ ನೋಡಬೇಕಿತ್ತು. ಇಪ್ಪತ್ತಾರು ವರ್ಷ ನರ್ಸ್ ಕೆಲಸ ಮಾಡೇನಿ. ಒಂದು ಔಷಧ ಬಿಟ್ರ ಏನಾಗತೈತಿ ಅನ್ನೂದು ಕೇಳದ ಯಾವ ಚೀಟಿಗೂ ಕೈ ಹಚ್ಚಿದಾಕಿ ಅಲ್ಲ. ಅವತ್ತು ಕೇಳಲಿಲ್ಲ.

ಈಗ ವಕೀಲರ ಮಾತು ಕೇಳ್ರಿ. ಝೆರಾಕ್ಸ್ ತೋರಿಸಿದೆ. "ಇದನ್ನ ಕೋರ್ಟಿಗೆ ಕೊಟ್ರ ನಿನ್ನ ತಮ್ಮ ಹುಚ್ಚ ಅಲ್ಲ ಅಂತ ಆಗತೈತಿ ಖರೆ. ಆದ್ರ ವಾಲ್ವ್ ಇಲ್ಲ ಅಂತ ಗೊತ್ತಿದ್ದೂ ಎಂಜಿನ್ ನಡಿಸಿದ ಅಂತನೂ ಆಗತೈತಿ. ಶಿಕ್ಷಾ ಆಗಬಹುದು. ಈಗಿದ್ದಂಗ ಇದ್ರ, ತಲಿ ಸರಿ ಇಲ್ಲ ಅಂತ ಹೇಳಿ ಬಿಡಿಸಬಹುದು" ಅಂದ್ರು.

ನಿಮ್ಮ ಕಾಗದ ಅವನಿಗೆ ಇನ್ನೂ ತೋರಿಸಿಲ್ಲ. ನನ್ನ ಟ್ರಂಕಿನ್ಯಾಗ ಸೀರಿ ಕೆಳಗ ಐತಿ. ಇಷ್ಟು ದಿನ ಅವನ ಮಾತು ಯಾರೂ ನಂಬಲಿಲ್ಲ ಅಂತ ಅತ್ತೆ. ಈಗ ಅದಕ್ಕ ಸಾಕ್ಷಿ ಸಿಕ್ಕೈತಿ, ನಾನ ಮುಚ್ಚಿಟ್ಟೇನಿ.

ಸಾವಿತ್ರವ್ವ


ನಾಗಪುರ
30 ನವೆಂಬರ್ 2024

ಅಕ್ಕಾ,

ಇನ್ನ ಆಫೀಸಿನ ಕನ್ನಡದಾಗ ಬರಿಯಾಕ ನನಗ ಆಗವಲ್ದು. ನಮ್ಮ ಮುದ್ದೇಬಿಹಾಳದ ಮಾತಿನ್ಯಾಗ ಬರೀತೇನಿ.

ನೀವು ಅಂದದ್ದು ನನಗ ನೆನಪಿಲ್ಲ. ಖರೇನ ನೆನಪಿಲ್ಲ. ನಾ ಗೆರಿ ಹೊಡದ ಮ್ಯಾಲ ನೀವು ಏನೋ ಕೇಳಿದ್ರಿ ಅಂತ ಇತ್ತು ನನ್ನ ತಲ್ಯಾಗ. ಯಾವುದು ಮೊದಲು, ಯಾವುದು ಆಮ್ಯಾಲ, ಇಬ್ಬರೂ ಬ್ಯಾರೆ ಬ್ಯಾರೆ ಹೇಳಾಕತ್ತೇವಿ. ಆದ್ರ ಪೆನ್ ನನ್ನ ಕೈಯಾಗಿತ್ತು. ಆ ವಾಲ್ವ್ ಏನು ಮಾಡತೈತಿ ಅನ್ನೂದು ನಿಮಗ ಗೊತ್ತಿದ್ದಿಲ್ಲ, ನನಗ ಗೊತ್ತಿತ್ತು. ಬ್ಯಾಡಾದ್ದು ಯಾವುದು ಅಂತ ಹೇಳಬೇಕಾದಂವ ನಾನು.

ಕೆಲಸಕ್ಕ ರಾಜೀನಾಮಿ ಕೊಟ್ಟೇನಿ. ಡಿಸೆಂಬರ್ ಕಡೀಕ ಮುದ್ದೇಬಿಹಾಳಕ್ಕ ನಮ್ಮವ್ವ ತುಳಸೀಬಾಯಿ ಹಂತ್ಯಾಕ ಬರ್ತೇನಿ. ಮೂಲ ಕಾಗದ ನನ್ನ ಜೋಡಿ ಬರತೈತಿ. ಪೊಲೀಸರಿಗೆ ಇನ್ನೂ ಕೊಟ್ಟಿಲ್ಲ. ಕೊಟ್ರ ನನಗ ಹಗುರ ಆಗತೈತಿ, ಅದರ ಭಾರ ಗುರುನಾಥನ ಮ್ಯಾಲ ಬೀಳತೈತಿ. ನನ್ನ ಹಗುರಕ್ಕ ಅವನನ್ನ ಜೇಲಿಗೆ ಕಳಿಸಾಕ ನನಗ ಯಾವ ಹಕ್ಕೈತಿ? ಕೊಡು ಅಂದ್ರ ಕೊಡ್ತೇನಿ. ಸುಡು ಅಂದ್ರ...

ಸುಡು ಅನ್ನಬ್ಯಾಡ್ರಿ ಅಕ್ಕಾ.

ಸುಜಯೀಂದ್ರ


ನಿಡಗುಂದಿ
12 ಜನವರಿ 2025

ಸುಜಯೀಂದ್ರ,

ಮುದ್ದೇಬಿಹಾಳದ ವಿಳಾಸಕ್ಕ ಹಾಕಾಕತ್ತೇನಿ. ಮುಟ್ಟತೈತಿ ಅನ್ಕೊಂಡೇನಿ.

ನಾನು ಕೊಡು ಅನ್ನಲಿಲ್ಲ, ಸುಡು ಅನ್ನಲಿಲ್ಲ. ಗುರುನಾಥಗ ಹೇಳಿದೆ. ಹೊಸ ವರ್ಷದ ಎರಡನೇ ದಿನ, ಮಧ್ಯಾಹ್ನ ಊಟ ಆದ ಮ್ಯಾಲ, ಟ್ರಂಕಿನಿಂದ ನಿಮ್ಮ ಎರಡೂ ಕಾಗದ ತಗದು ಅವನ ಮುಂದ ಇಟ್ಟೆ. ನಾನು ಕಣ್ಣು ಮಾಡಿದ್ದೂ ಹೇಳಿದೆ. ಅಂವ ಬಹಳ ಹೊತ್ತು ಓದಿದ. ಆಮ್ಯಾಲ, "ನೀ ಕಣ್ಣು ಮಾಡಿದ್ದು ನನಗ ಕಂಡಿತ್ತು ಅಕ್ಕಾ. ಇಲ್ಲ ಅನ್ನಬಹುದಿತ್ತು ನಾನು" ಅಂದ. ಬಟ್ಟಿ ಹಾಕ್ಕೊಂಡು ಎದ್ದು ನಿಂತ. ಎಲ್ಲಿಗೋ ಅಂದೆ. ಸೌಂದರ್ಯಾನ ಊರಿಗೆ ಅಂದ. ಬಸ್ಸಿನ್ಯಾಗ ಹೋದ್ವಿ. ದಾರಿ ತುಂಬ ಕಣ್ಣು ಮುಚ್ಚಿ, ಮುಂದಿನ ಸೀಟು ಗಟ್ಟಿ ಹಿಡದು ಕುಂತಿದ್ದ.

ಸೌಂದರ್ಯಾ ಅಂಗಳದಾಗ ಜ್ವಾಳ ಹಸನ ಮಾಡಾಕತ್ತಿದ್ಳು. ಇಂವ ಕುಂಡ್ರಲಿಲ್ಲ. ನಿಂತ ಹೇಳಿದ. ಅಂವ ಹೇಳಿದ್ದು ಹೆಂಗೈತೋ ಹಂಗ ಬರೀತೇನಿ, ನಾನೂ ಅವತ್ತ ಮೊದಲು ಕೇಳಿದ್ದು.

"ಎಂಜಿನ್ ಕಿರಚಾಕತ್ತು. ಕೀಲಿ ತಗದೆ. ಡೀಸೆಲ್ ಕಾಕ್ ತಿರುವಿ ಬಂದ್ ಮಾಡಿದೆ. ನಿಲ್ಲಲಿಲ್ಲ. ಗಾಳಿ ಬಾಯಿ ಮುಚ್ಚೋ ಅಂತ ಮಾಳಿಂಗಗ ಒದರಿದೆ. ಅಂವ ಹಲಗಿಗೆ ತನ್ನ ಟವೆಲ್ ಸುತ್ತಿ ಓಡಿ ಹೋದ. ನಾನು ಬಾವಿ ಕಡೆ ಇದ್ದವರನ್ನ ಓಡಿಸಾಕ ಹೋದೆ. ಹೊಳ್ಳಿ ನೋಡೂದರಾಗ ಒಡೀತು. ಅಲ್ಲೆ ಒಂದು ವಾಲ್ವ್ ಇರಬೇಕಿತ್ತು. ನಾವು ತಗದಿದ್ವಿ. ಅದಕ್ಕ ಅವನನ್ನ ಕಳಿಸಬೇಕಾತು."

ಸೌಂದರ್ಯಾ ಮೊರ ಕೆಳಗಿಟ್ಳು. ಒಂದ ಮಾತು ಕೇಳಿದ್ಳು.

"ವಾಲ್ವ್ ಇಲ್ಲ ಅನ್ನೂದು ನಮ್ಮ ಮನಿಯವರಿಗೆ ಗೊತ್ತಿತ್ತೇನು?"

"ಇಲ್ಲವ್ವಾ. ಅಂವ ಕೆಲಸಕ್ಕ ಬಂದು ನಾಲ್ಕ ದಿನ ಆಗಿತ್ತು. ನಾ ಹೇಳಿದ್ದಿಲ್ಲ."

ಅವಳು ಒಳಗ ಹೋದ್ಳು. ಬಾಗಲಾ ಹಾಕ್ಕೊಂತಾಳ ಅನ್ಕೊಂಡೆ. ಅವಳ ಅತ್ತಿನ ಕೈ ಹಿಡದು ಹೊರಗ ಕರಕೊಂಡು ಬಂದ್ಳು. "ಈಗ ಹೇಳಿದ್ದನ್ನ ಇವರ ಮುಂದ ಇನ್ನೊಮ್ಮಿ ಹೇಳ್ರಿ" ಅಂದ್ಳು. ಇಂವ ಇನ್ನೊಮ್ಮಿ ಹೇಳಿದ. ಆ ಮುದುಕಿ ಕೇಳಿ ಕೇಳಿ, "ಹಂಗಾರ ನನ್ನ ಮಗ ಹುಂಬತನ ಮಾಡಲಿಲ್ಲ" ಅಂದು ಕಟ್ಟಿ ಮ್ಯಾಲ ಕುಂತ್ಳು. ಯಾರೂ ಅಳಲಿಲ್ಲ. ನಾವು ಹೊಂಟಾಗ ಸೌಂದರ್ಯಾ ಅಂದ್ಳು, "ಇದನ್ನ ಅಲ್ಲೆ ಕೋರ್ಟಿನ್ಯಾಗ ಹೇಳಬೇಕು ನೀವು. ನಾ ನಿಂತು ಕೇಳ್ತೇನಿ."

"ಹೇಳ್ತೇನಿ" ಅಂದ.

ಎಲ್ಲಾ ಖರೇ ಹೇಳ್ತೇವಿ ಅಂದದ್ದಕ್ಕ ಮೊದಲಿನ ವಕೀಲರು ಕೇಸ್ ಬಿಟ್ಟಾರ. ಬ್ಯಾರೆಯವರನ್ನ ನೋಡೇವಿ. ನಿನ್ನೆ ಅವರ ಮುಂದ ಗುರುನಾಥ ಎಲ್ಲಾ ಬರದು ಸಹಿ ಮಾಡಿದ. ನಾನೂ ನನ್ನದನ್ನ ಬರದು ಸಹಿ ಮಾಡೇನಿ. ಶಿಕ್ಷಾ ಎಷ್ಟಾಗತೈತಿ ಅಂತ ಅವರಿಗೂ ಹೇಳಾಕ ಬರಂಗಿಲ್ಲ. ಇಷ್ಟೆಲ್ಲಾ ಆದ ಮ್ಯಾಲ ಅಂವ ಸುಧಾರಿಸ್ತಾನ ಅಂತ ನಾ ಅನ್ಕೊಂಡಿದ್ದೆ. ಹಂಗೇನೂ ಆಗಿಲ್ಲ. ನಿದ್ದಿ ಇಲ್ಲ, ಊಟ ಅರ್ಧ. ಆದ್ರ ಈಗ ಮಾಳಿಂಗನ ಹೆಸರು ಹೇಳ್ತಾನ. ಮೊದಲು ಹೇಳ್ತಿದ್ದಿಲ್ಲ. ಮಾಳಿಂಗ ಹಾಡ್ತಿದ್ದ, ಮಾಳಿಂಗಗ ಬಾಡಮೇರದ ಚಾ ಸೇರ್ತಿದ್ದಿಲ್ಲ, ಹಿಂಗ.

ಬಾಡಮೇರದ ಕೋರ್ಟಿನ ತಾರೀಖು ಫೆಬ್ರುವರಿ ಹತ್ತು. ವಿಜಯಪುರದಿಂದ ಸೋಲಾಪುರಕ್ಕ ಹೋಗಿ, ಅಲ್ಲಿಂದ ಮುಂದಿನ ಗಾಡಿ. ಸೌಂದರ್ಯಾ ಇಂಡಿ ರೋಡ್ ಸ್ಟೇಶನ್ನಿನ್ಯಾಗ ಹತ್ತತಾಳ. "ನಿಮ್ಮ ಬಾಜೂ ಕುಂಡ್ರಂಗಿಲ್ಲ, ಆದ್ರ ಅದ ಗಾಡ್ಯಾಗ ಬರ್ತೇನಿ" ಅಂದಾಳ. ಗುರುನಾಥ ಆಗ್ಲಿ ಅಂತ ತಲಿ ಅಲ್ಲಾಡಿಸಿದ.

ನಾಲ್ಕು ಟಿಕೀಟ್ ಮಾಡಿಸೇನಿ. ಒಂದು ನಿಮ್ಮದು. ಮೂಲ ಕಾಗದ ಪೋಸ್ಟಿನ್ಯಾಗ ಕಳಿಸಬ್ಯಾಡ್ರಿ. ನೀವ ತಗೊಂಡು ಬರ್ರಿ.

ಸಾವಿತ್ರವ್ವ